ಕೆರೆ ಇರುವ ಜಮೀನು ಕೊಳ್ಳುವ ಮುನ್ನ ಏರಿಯೊಳಗಿನ ಪೈಪು ನೋಡಿ

ಏರಿಯ ಹೊರಬುಡದಲ್ಲಿ, ತೂಬಿನ ಪೈಪು ಹೊರಬೀಳುವ ಕಡೆ ನೆಲ ಸದಾ ಒದ್ದೆಯಾಗಿದ್ದರೆ ದಯವಿಟ್ಟು ಅದಕ್ಕೆ ಜೇಡಿಮಣ್ಣು ಮೆತ್ತಬೇಡಿ. ಈ ಎಚ್ಚರಿಕೆಗೆ ಕಾರಣವಾದ ಏರಿ ಒಡೆದದ್ದೇ ಹಾಗೆ. ಐದು ಮೀಟರ್ ಎತ್ತರದ ಖಾಸಗಿ ಮಣ್ಣಿನ ಏರಿ, ಹಿಂದೆ ಎರಡು ಹೆಕ್ಟೇರ್ ನೀರು, ದೋಣಿ, ಗಾಳ ಹಾಕುವವರಿಗೆ ಅಟ್ಟಣೆ. ಜಿನುಗು ಕಂಡಿತು, ಹೊರಗಿನಿಂದ ಜೇಡಿ ತುಂಬಿ ಬಡಿದರು, ಒದ್ದೆ ನಿಂತಿತು. ನಿಂತದ್ದು ಒದ್ದೆ ಮಾತ್ರ, ನೀರಲ್ಲ. ಹೊರದಾರಿ ಕಟ್ಟಿಹೋದ ನೀರಿನ ಒತ್ತಡ ಒಳಗೇ ಹೆಚ್ಚಿ, ಪೈಪಿನ ಮೈಗುಂಟ ಇನ್ನೊಂದು ದಾರಿ ಮಾಡಿಕೊಂಡಿತು. ಕೆರೆ ತುಂಬಿದ ದೊಡ್ಡ ಮಳೆಗೆ ಮೊದಲು ಬುಡದಲ್ಲಿ ಕೆಂಪು ನೀರು, ಆಮೇಲೆ ಏರಿಯ ನೆತ್ತಿಯಲ್ಲಿ ಬುಟ್ಟಿಯಗಲದ ಕುಳಿ, ಅದಾಗಿ ಸ್ವಲ್ಪ ಹೊತ್ತಿಗೆ ಏರಿಯ ನಡುಭಾಗವೇ ಇಲ್ಲ.

ಚಿಕ್ಕ ಕೆರೆ ತಾನೇ ಎನ್ನುವವರು ಒಮ್ಮೆ ಲೆಕ್ಕ ಹಾಕಿ. ನೀರಿನ ವಿಸ್ತೀರ್ಣವನ್ನು ಅತಿ ಹೆಚ್ಚಿನ ಆಳದಿಂದ ಗುಣಿಸಿ, ಬಂದದ್ದನ್ನು 0.4ರಿಂದ ಗುಣಿಸಿದರೆ ಅಂದಾಜು ಸಂಗ್ರಹ ಸಿಗುತ್ತದೆ. ಎರಡು ಹೆಕ್ಟೇರ್, ನಾಲ್ಕು ಮೀಟರ್ ಆಳ ಎಂದರೆ 32,000 ಘನ ಮೀಟರ್, ಅಂದರೆ 32,000 ಟನ್ ನೀರು. ಕೆಳಗೆ ಯಾರ ಮನೆ ಇದೆ, ಯಾವ ರಸ್ತೆ ಇದೆ ಎಂಬುದನ್ನು ಈ ಅಂಕಿ ಕೈಯಲ್ಲಿಟ್ಟುಕೊಂಡು ನೋಡಬೇಕು.

ಪೈಪೇ ಏಕೆ ಕೈಕೊಡುತ್ತದೆ? ಏರಿ ಕಟ್ಟುವಾಗ ಮಣ್ಣನ್ನು 15ರಿಂದ 20 ಸೆಂ.ಮೀ. ಪದರಗಳಲ್ಲಿ ಹದವಾಗಿ ನೀರು ಕೊಟ್ಟು ರೋಲರ್ ಓಡಿಸಿ ಗಟ್ಟಿ ಮಾಡುತ್ತಾರೆ. ದುಂಡು ಪೈಪಿನ ಕೆಳಮಗ್ಗುಲಿಗೆ ಮಾತ್ರ ರೋಲರ್ ಮುಟ್ಟುವುದಿಲ್ಲ. ಅಲ್ಲಿ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ, ನೀರು ಅದೇ ಸಂದಿಯಲ್ಲಿ ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊರಸಾಗಿಸುತ್ತದೆ. ಹಳೆಯ ಕೆರೆಗಳಲ್ಲಿ ಸಾಮಾನ್ಯವಾದ ಏಣುಏಣಿನ ಕಲಾಯಿ ತಗಡಿನ ಪೈಪಾದರೆ ಕೆಲವು ದಶಕಗಳಲ್ಲಿ ತಳ ತುಕ್ಕು ತಿಂದು ತೂತಾಗುತ್ತದೆ, ಸುತ್ತಲಿನ ಮಣ್ಣು ಪೈಪಿನೊಳಕ್ಕೇ ಇಳಿಯುತ್ತದೆ. ಹಿಂದೆ ಪೈಪಿನ ಮೈಗುಂಟ ಜಿನುಗುವುದನ್ನು ತಡೆಯಲೆಂದು ಅಲ್ಲಲ್ಲಿ ಕಾಂಕ್ರೀಟ್ ಪಟ್ಟಿ ಕಟ್ಟುತ್ತಿದ್ದರು. ಆ ಪಟ್ಟಿಯ ಪಕ್ಕ ಮಣ್ಣು ಬಡಿಯುವುದು ಇನ್ನೂ ಕಷ್ಟ. ಈಗಿನ ಸರಿಯಾದ ಪದ್ಧತಿ ಎಂದರೆ ಪೈಪಿನ ಹೊರತುದಿಯ ಕಡೆಗೆ ಸುತ್ತಲೂ ಶುದ್ಧ ಮರಳಿನ ಗೋಡೆ: ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ಪೈಪಿನೊಳಗೆ ಕ್ಯಾಮೆರಾ ಇಳಿಸಿ ನೋಡಲು ಮಾರುವವರು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಜಿನುಗು ಇರುವುದೇ ತಪ್ಪಲ್ಲ. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಜಿನುಗುತ್ತದೆ. ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತು, ಆ ದಿನ ಕೆರೆಯ ಮಟ್ಟ ಎಷ್ಟಿತ್ತು ಎಂದು ಬರೆದಿಡಿ. ಅದೇ ಮಟ್ಟದಲ್ಲಿ ಹರಿವು ಹೆಚ್ಚಾಗುತ್ತಿದ್ದರೆ ನೀರು ತಿಳಿಯಾಗಿದ್ದರೂ ಅಪಾಯವೇ. ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ತಳದಲ್ಲಿ ಮಣ್ಣು ಕುಳಿತರೆ ಏರಿ ಒಳಗಿನಿಂದ ಕರಗುತ್ತಿದೆ. ಆಗ ಜಿನುಗಿನ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು ಹೇರಿ, ಈ ಕ್ರಮ ತಿರುವುಮುರುವಾಗಬಾರದು. ಹಾಗೇ ಮಟ್ಟ ಇಳಿಸಲು ಶುರುಮಾಡಿ, ಎಂಜಿನಿಯರನ್ನು ಕರೆಸಿ. ಸಾಮಾನ್ಯವಾಗಿ ದಿನಕ್ಕೆ 30 ಸೆಂ.ಮೀ.ಗಿಂತ ವೇಗವಾಗಿ ಇಳಿಸಿದರೆ ನೆನೆದ ಒಳಮೈ ಜಾರುವ ಭಯವಿದೆ. ಆದರೆ ಕೆಂಪು ನೀರು ರಭಸವಾಗಿ ಬರುತ್ತಿದ್ದರೆ ಆ ಲೆಕ್ಕ ಬಿಡಿ, ಮೊದಲು ಕೆಳಗಿನವರನ್ನು ಎಬ್ಬಿಸಿ.

ಇನ್ನು ಕೋಡಿ, ಅಂದರೆ ತುಂಬಿ ಹೆಚ್ಚಾದ ನೀರು ಹೊರಹೋಗುವ ದಾರಿ. ವಿಹಾರದ ಕೆರೆಗಳಲ್ಲಿ ಇದಕ್ಕೆ ಆಗುವ ಅನ್ಯಾಯ ಬೇರೆಲ್ಲೂ ಆಗುವುದಿಲ್ಲ. ಮೀನು ಹೊರಹೋಗದಿರಲೆಂದು ಜಾಲರಿ, ದೋಣಿಗೆ ಆಳ ಸಾಲದೆಂದು ಅಡ್ಡ ಹಲಗೆ, ನಡೆದಾಡಲು ಕಾಲುಸೇತುವೆ. ಅಮೆರಿಕದ ಪೆನ್ಸಿಲ್ವೇನಿಯದ ಸೌತ್ ಫೋರ್ಕ್ ಅಣೆಕಟ್ಟು ಇದೇ ಜಾತಿಯದು: ಶ್ರೀಮಂತರ ಮೀನು-ಬೇಟೆ ಕ್ಲಬ್ಬಿನ ಮಣ್ಣಿನ ಕಟ್ಟೆ. ಮಟ್ಟ ಇಳಿಸುವ ಎರಕದ ಕಬ್ಬಿಣದ ಪೈಪುಗಳನ್ನು ಹಿಂದಿನ ಮಾಲೀಕ ಕಿತ್ತು ಮಾರಿದ್ದ. ಕ್ಲಬ್ಬಿನವರು ಅವನ್ನು ಮತ್ತೆ ಹಾಕಿಸಲಿಲ್ಲ, ಗಾಡಿ ಓಡಾಡಲೆಂದು ಕಟ್ಟೆಯ ನೆತ್ತಿ ತಗ್ಗಿಸಿದರು, ಕೋಡಿಗೆ ಮೀನಿನ ಜಾಲರಿ ಹಾಕಿದರು. 1889ರ ಮೇ 31ರಂದು ಜಾಲರಿಗೆ ಕಸಕಡ್ಡಿ ಸಿಕ್ಕಿ, ನೀರು ಕಟ್ಟೆಯ ಮೇಲೆ ಹರಿದು, ಕೆಳಗಿನ ಜಾನ್ಸ್‌ಟೌನ್ ಕೊಚ್ಚಿಹೋಯಿತು. ಸತ್ತವರು 2,209 ಜನ. ನೆತ್ತಿಯ ನಡುವೆ ಒಂದು ಗೇಣು ತಗ್ಗಿದ್ದರೂ ಉಕ್ಕಿದ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ, ಆದ್ದರಿಂದ ಏರಿಯ ಉದ್ದಕ್ಕೂ ಮಟ್ಟ ಹಿಡಿದು ನೋಡಿ.

ಏರಿಯ ಮೇಲಿನ ಮರ ನೆರಳು ಕೊಡುತ್ತದೆ, ಸರಿ. ಅದು ಸತ್ತಾಗ ಕೊಳೆತ ಬೇರು ಬಿಡುವ ಪೊಳ್ಳು ಮಾತ್ರ ನೀರಿಗೆ ಸಿದ್ಧ ಕೊಳವೆ. ಸಣ್ಣ ಗಿಡವಿದ್ದಾಗಲೇ ಕಡಿಯಿರಿ. ದೊಡ್ಡ ಬುಡವನ್ನು ಕೆರೆ ತುಂಬಿರುವಾಗ ಜೆಸಿಬಿಯಿಂದ ಕೀಳಿಸಬೇಡಿ.

ಕೊಳ್ಳುವ ದಿನಕ್ಕೆ ಮೊದಲು ತೂಬು ಪೂರ್ತಿ ತೆರೆದು ಮುಚ್ಚಿ ತೋರಿಸಲು ಹೇಳಿ. ತುಕ್ಕು ಹಿಡಿದು ಜಾಮ್ ಆಗಿದ್ದರೆ, ಅಗೆಯದೆ ಏರಿಯ ಮೇಲಿಂದಲೇ 150 ಮಿ.ಮೀ. ಒಳವ್ಯಾಸದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನ ಸೈಫನ್, ಅಂದರೆ ನೀರನ್ನು ಏರಿಯ ಮೇಲೆ ದಾಟಿಸಿ ತಾನಾಗಿ ಆಚೆ ಕೆಳಕ್ಕೆ ಎಳೆಯುವ ಕೊಳವೆ, ಹಾಯಿಸಬಹುದು. ನಾಲ್ಕು ಮೀಟರ್ ಮಟ್ಟದ ವ್ಯತ್ಯಾಸವಿದ್ದರೆ ಸೆಕೆಂಡಿಗೆ ಸುಮಾರು 60 ಲೀಟರ್ ಎಳೆಯುತ್ತದೆ, ಒಳಹರಿವು ಇಲ್ಲದಿದ್ದರೆ ಎರಡು ಹೆಕ್ಟೇರ್ ಕೆರೆ ದಿನಕ್ಕೆ ಕಾಲು ಮೀಟರ್ ಇಳಿಯುತ್ತದೆ. ಒಳಗಿನ ನಿರ್ವಾತಕ್ಕೆ ಚಪ್ಪಟೆಯಾಗದಷ್ಟು ದಪ್ಪ ಗೋಡೆಯ ಪೈಪೇ ಆಗಬೇಕು. ವಾಲ್ವ್ ಎಲ್ಲಿದೆ ಎಂಬುದನ್ನೂ ನೋಡಿ. ಹೊರತುದಿಯಲ್ಲಷ್ಟೇ ಇದ್ದರೆ ಏರಿಯೊಳಗಿನ ಪೈಪು ಹಗಲೂ ರಾತ್ರಿ ಕೆರೆಯ ಪೂರ್ತಿ ಒತ್ತಡ ಹೊತ್ತು ನಿಂತಿರುತ್ತದೆ, ಒಂದು ಕೀಲು ಬಿಟ್ಟರೂ ಅಷ್ಟೂ ನೀರು ಮಣ್ಣಿಗೇ ನುಗ್ಗುತ್ತದೆ. ಅಂಥ ಕಡೆ ಒಳತುದಿಗೆ ಇನ್ನೊಂದು ಗೇಟು ಕೂರಿಸುವ ಖರ್ಚನ್ನು ಜಮೀನಿನ ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.