ಹೊಸ ನರ್ಸ್‌ಗಳ ರೆಸಿಡೆನ್ಸಿ: ಅರ್ಜಿಯಿಂದ ಹನ್ನೆರಡನೆಯ ತಿಂಗಳವರೆಗೆ

ಅಮೆರಿಕದಲ್ಲಿ ನರ್ಸಿಂಗ್ ಪದವಿ ಮುಗಿಸಿದ ಬಹಳಷ್ಟು ಮಂದಿ ಆಸ್ಪತ್ರೆಯ ಕೆಲಸಕ್ಕೆ ಕಾಲಿಡುವುದು ರೆಸಿಡೆನ್ಸಿ, ಅಂದರೆ ಹೊಸಬರಿಗೆ ಕೆಲಸದಲ್ಲಿದ್ದುಕೊಂಡೇ ಕೊಡುವ ಆರಂಭಿಕ ತರಬೇತಿ ಕಾರ್ಯಕ್ರಮದ ಮೂಲಕ. ನಾನು ಹದಿನಾಲ್ಕು ಆಸ್ಪತ್ರೆಗಳಿಗೆ ಅರ್ಜಿ ಸಲ್ಲಿಸಿ, ನಾಲ್ಕು ಕಡೆ ಸಂದರ್ಶನಕ್ಕೆ ಹಾಜರಾಗಿ, ಕೊನೆಗೆ ಒಂದು ದೊಡ್ಡ ಬೋಧನಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಹನ್ನೆರಡು ತಿಂಗಳ ಕಾರ್ಯಕ್ರಮವನ್ನು ಕಳೆದ ತಿಂಗಳು ಮುಗಿಸಿದೆ. ಅರ್ಜಿಯ ವ್ಯವಸ್ಥೆ ಮತ್ತು ಆ ಒಂದು ವರ್ಷ, ಎರಡನ್ನೂ ಇಲ್ಲಿ ವಿಮರ್ಶಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಳ್ಳೆಯ ರೆಸಿಡೆನ್ಸಿ ಸಿಕ್ಕರೆ ಅದಕ್ಕಿಂತ ಉತ್ತಮವಾದ ಆರಂಭ ಇನ್ನೊಂದಿಲ್ಲ. ಆದರೆ ಜಾಹೀರಾತಿನಲ್ಲಿ ರೆಸಿಡೆನ್ಸಿ ಎಂಬ ಪದವಿದ್ದ ಮಾತ್ರಕ್ಕೆ ಕಾರ್ಯಕ್ರಮ ಒಳ್ಳೆಯದಾಗುವುದಿಲ್ಲ, ಅದನ್ನು ಅರ್ಜಿದಾರರೇ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ವೈದ್ಯರ ರೆಸಿಡೆನ್ಸಿಗೆ ಅರ್ಜಿದಾರರನ್ನೂ ಆಸ್ಪತ್ರೆಗಳನ್ನೂ ಹೊಂದಿಸುವ ದೇಶವ್ಯಾಪಿ ವ್ಯವಸ್ಥೆಯಿದ್ದು, ಪ್ರತಿ ಮಾರ್ಚ್‌ನಲ್ಲಿ ಒಂದೇ ದಿನ ಬಹುತೇಕ ಎಲ್ಲರಿಗೂ ಫಲಿತಾಂಶ ತಿಳಿಯುತ್ತದೆ. ನರ್ಸ್‌ಗಳಿಗೆ ಅಂಥದ್ದು ಯಾವುದೂ ಇಲ್ಲ. ಪ್ರತಿಯೊಂದು ಆಸ್ಪತ್ರೆಗೂ ತನ್ನದೇ ಪೋರ್ಟಲ್, ತನ್ನದೇ ದಿನಾಂಕ, ತನ್ನದೇ ನಿಯಮ. ವರ್ಷಕ್ಕೆ ಒಟ್ಟಿಗೆ ಸೇರುವ ಹೊಸ ನರ್ಸ್‌ಗಳ ಎರಡರಿಂದ ನಾಲ್ಕು ತಂಡಗಳನ್ನು ತೆಗೆದುಕೊಳ್ಳುವ ಆಸ್ಪತ್ರೆಗಳು ತಂಡ ಆರಂಭವಾಗುವ ಹಲವು ತಿಂಗಳು ಮೊದಲೇ ಅರ್ಜಿ ಕರೆಯುತ್ತವೆ, ಮತ್ತು ಆ ಅವಕಾಶ ಕೆಲವೆಡೆ ಎರಡು ವಾರವಿದ್ದರೆ ಕೆಲವೆಡೆ ಬೆರಳೆಣಿಕೆಯ ದಿನಗಳಷ್ಟೇ ಇರುತ್ತದೆ. ನಾನು ಬಹಳ ಆಸೆಯಿಂದ ಕಾಯುತ್ತಿದ್ದ ಒಂದು ಆಸ್ಪತ್ರೆಯವರು, ಬಂದ ಅರ್ಜಿಗಳ ಸಂಖ್ಯೆ ಮಿತಿ ಮುಟ್ಟಿತೆಂದು, ಪ್ರಕಟಿಸಿದ್ದ ಕೊನೆಯ ದಿನಾಂಕಕ್ಕೂ ಮೊದಲೇ, ಮೂರನೆಯ ದಿನಕ್ಕೇ ಪೋರ್ಟಲ್ ಮುಚ್ಚಿಬಿಟ್ಟರು. ಆಗ ನನ್ನ ಶಿಕ್ಷಕಿಯ ಶಿಫಾರಸು ಪತ್ರವೊಂದು ಮಾತ್ರ ಬಾಕಿಯಿತ್ತು. ಆದ್ದರಿಂದ ಶಿಫಾರಸು ಪತ್ರ, ಅಂಕಪಟ್ಟಿ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್ಎಸ್ (ಮೂಲಭೂತ ಜೀವರಕ್ಷಕ ತರಬೇತಿಯ) ಕಾರ್ಡ್ ಇವೆಲ್ಲ ಕೊನೆಯ ಸೆಮಿಸ್ಟರ್ ಶುರುವಾಗುವಾಗಲೇ ಕೈಯಲ್ಲಿರಬೇಕು. ಪದವಿ ಬಂದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡ ನನ್ನ ಸಹಪಾಠಿಗಳಲ್ಲಿ ಕೆಲವರಿಗೆ ಒಂದು ಇಡೀ ತಂಡ ಕೈತಪ್ಪಿತು.

ಪರವಾನಗಿಯ ವಿಷಯದಲ್ಲಿಯೂ ಇದೇ ಗೊಂದಲ. ನರ್ಸ್ ಪರವಾನಗಿಗೆ ಬರೆಯಬೇಕಾದ ಎನ್‌ಸಿಎಲ್ಇಎಕ್ಸ್ ಪರೀಕ್ಷೆಯಲ್ಲಿ 85ರಿಂದ 150 ಪ್ರಶ್ನೆಗಳು, ಐದು ಗಂಟೆಯ ಅವಧಿ, 200 ಡಾಲರ್ ನೋಂದಣಿ ಶುಲ್ಕ. ರಾಜ್ಯದ ನರ್ಸಿಂಗ್ ಮಂಡಳಿಯ ಶುಲ್ಕ ಬೇರೆ. ಮಂಡಳಿಯು ಅರ್ಹತೆಯನ್ನು ಒಪ್ಪಿ, ಪರೀಕ್ಷೆ ಬರೆಯಲು ಅನುಮತಿ ಪತ್ರ ಬಂದ ನಂತರವಷ್ಟೇ ದಿನಾಂಕ ಗೊತ್ತುಮಾಡಲು ಸಾಧ್ಯ. ಅನೇಕ ಆಸ್ಪತ್ರೆಗಳು ಕೆಲಸಕ್ಕೆ ಸೇರುವ ದಿನದೊಳಗೆ ತೇರ್ಗಡೆಯಾದರೆ ಸಾಕು ಎನ್ನುತ್ತವೆ, ಕೆಲವು ಆಸ್ಪತ್ರೆಗಳು ಅರ್ಜಿ ಹಾಕುವಾಗಲೇ ಪರವಾನಗಿ ಕೇಳುತ್ತವೆ. ಬೇರೆ ರಾಜ್ಯದ ಆಸ್ಪತ್ರೆಯನ್ನು ಆರಿಸಿಕೊಳ್ಳುವವರು ಆ ರಾಜ್ಯ, ಒಂದೇ ಪರವಾನಗಿಯಿಂದ ಹಲವು ರಾಜ್ಯಗಳಲ್ಲಿ ಕೆಲಸ ಮಾಡಲು ಬಿಡುವ ಪರವಾನಗಿ ಒಪ್ಪಂದಕ್ಕೆ ಸೇರಿದೆಯೇ ಎಂದು ನೋಡಿಕೊಳ್ಳಬೇಕು. ಉದಾಹರಣೆಗೆ ಕ್ಯಾಲಿಫೋರ್ನಿಯಾ ಅದರಲ್ಲಿಲ್ಲ.

ನನ್ನ ಮೊದಲ ಆರು ಅರ್ಜಿಗಳಿಗೆ ಯಾರೂ ಉತ್ತರಿಸಲಿಲ್ಲ. ಆಗ ನನ್ನ ರೆಸ್ಯೂಮೆಯಲ್ಲಿ ‘ವಿವಿಧ ವಿಭಾಗಗಳಲ್ಲಿ ಕ್ಲಿನಿಕಲ್ ಅನುಭವ, ರೋಗಿಗಳ ಆರೈಕೆಯಲ್ಲಿ ಆಸಕ್ತಿ’ ಎಂಬ ಸಾಲಿತ್ತು. ಕಾಲೇಜಿನ ಹಿರಿಯ ಶಿಕ್ಷಕಿಯೊಬ್ಬರು ಅದನ್ನು ಓದಿ, ‘ಇದು ನಿಮ್ಮ ತರಗತಿಯ ಎಲ್ಲರಿಗೂ ಅನ್ವಯಿಸುತ್ತದೆ, ನೀವು ಎಲ್ಲಿದ್ದೀರಿ ಇದರಲ್ಲಿ?’ ಎಂದು ಕೇಳಿದರು. ಅವರ ಪಕ್ಕದಲ್ಲೇ ಕುಳಿತು ಆ ಸಾಲನ್ನು ತಿದ್ದಿದೆ: ಕೊನೆಯ ಸೆಮಿಸ್ಟರ್‌ನಲ್ಲಿ ಹೃದಯ ನಿಗಾ ವಾರ್ಡಿನಲ್ಲಿ ಒಬ್ಬರೇ ನರ್ಸ್ ಜೊತೆ 180 ಗಂಟೆ, ಕೊನೆಯ ನಾಲ್ಕು ವಾರ ಮೂವರು ರೋಗಿಗಳ ಪೂರ್ಣ ಆರೈಕೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಡ್ರಿಪ್ ಇದ್ದವರ ನಿಗಾ, ಬಿಡುಗಡೆಯ ಸಮಯದಲ್ಲಿ ಕುಟುಂಬದವರಿಗೆ ಔಷಧಿಯ ವಿವರಣೆ. ಮುಂದಿನ ಎಂಟು ಅರ್ಜಿಗಳಲ್ಲಿ ನಾಲ್ಕಕ್ಕೆ ಕರೆ ಬಂತು. ಅದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ನಾಲ್ಕೂ ಸಂದರ್ಶನಗಳಲ್ಲಿ ಆ ಸಾಲನ್ನೇ ಹಿಡಿದು ಪ್ರಶ್ನೆ ಕೇಳಿದರು.

ಸಂದರ್ಶನಗಳಲ್ಲಿ ಎರಡು ಬಗೆಯವನ್ನು ಕಂಡೆ. ಒಂದರ ಮೊದಲ ಭಾಗದಲ್ಲಿ ಎದುರಿಗೆ ಮನುಷ್ಯರೇ ಇರುವುದಿಲ್ಲ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಅರ್ಧ ನಿಮಿಷ ಯೋಚಿಸಿ ಎರಡು ನಿಮಿಷದಲ್ಲಿ ಕ್ಯಾಮೆರಾಗೆ ಉತ್ತರ ಹೇಳಬೇಕು. ರೋಗಿಯ ಮುಖ ನೋಡಿ ಕೆಲಸ ಮಾಡಬೇಕಾದವರನ್ನು ಹೀಗೆ ಅಳೆಯುವುದು ನನಗೆ ಸರಿಯೆನಿಸಲಿಲ್ಲ. ಇನ್ನೊಂದು ಬಗೆಯಲ್ಲಿ ವಾರ್ಡಿನ ಮ್ಯಾನೇಜರ್ ಮತ್ತು ಇಬ್ಬರು ನರ್ಸ್‌ಗಳು ಎದುರಿಗಿದ್ದರು. ನಿಮಗೆ ನಾಲ್ವರು ರೋಗಿಗಳಿದ್ದಾರೆ, ಒಬ್ಬರ ರಕ್ತದೊತ್ತಡ 88/50ಕ್ಕೆ ಇಳಿದಿದೆ, ಒಬ್ಬರು ನೋವಿನ ಮಾತ್ರೆಗಾಗಿ ಮೂರು ಸಲ ಗಂಟೆ ಒತ್ತಿದ್ದಾರೆ, ಒಬ್ಬರಿಗೆ ಇನ್ಸುಲಿನ್ ಸಮಯವಾಗಿದೆ, ಒಬ್ಬರು ಮನೆಗೆ ಹೊರಡಲು ಸಿದ್ಧರಾಗಿ ಸಿಡುಕುತ್ತಿದ್ದಾರೆ, ಯಾರ ಬಳಿಗೆ ಮೊದಲು ಹೋಗುತ್ತೀರಿ ಎಂದು ಕೇಳಿದರು. ರಕ್ತದೊತ್ತಡ ಇಳಿದವರ ಬಳಿಗೆ ಎಂದು ಯಾರಾದರೂ ಹೇಳುತ್ತಾರೆ. ಅವರಿಗೆ ಬೇಕಾಗಿದ್ದದ್ದು ಅದರ ಮುಂದಿನದು: ಹೋಗಿ ಏನು ನೋಡುತ್ತೀರಿ, ಯಾರನ್ನು ಕರೆಯುತ್ತೀರಿ, ಉಳಿದ ಮೂವರಿಗೆ ಆ ಹೊತ್ತಿನಲ್ಲಿ ಯಾರ ಸಹಾಯ ಕೇಳುತ್ತೀರಿ. ಇನ್ಸುಲಿನ್‌ಗೆ ಪಕ್ಕದ ನರ್ಸನ್ನು ಕೇಳುತ್ತೇನೆ ಎಂದಾಗ ಮ್ಯಾನೇಜರ್ ಏನೋ ಬರೆದುಕೊಂಡರು. ಸಹಾಯ ಕೇಳಲು ಹಿಂಜರಿಯುವ ಹೊಸಬರ ಬಗ್ಗೆಯೇ ತಮಗೆ ಹೆಚ್ಚು ಆತಂಕವೆಂದು ಅವರು ಆಮೇಲೆ ತಿಳಿಸಿದರು.

ರೆಸಿಡೆನ್ಸಿ ಎಂಬ ಹೆಸರಿನ ಮಾತಿಗೆ ಬರೋಣ. ಈ ಕಾರ್ಯಕ್ರಮಗಳಿಗೆ ಒಂದು ಇತಿಹಾಸವಿದೆ. ಶಾಲೆಯಲ್ಲಿ ಕಲಿತದ್ದಕ್ಕೂ ವಾರ್ಡಿನ ವಾಸ್ತವಕ್ಕೂ ನಡುವಿನ ಕಂದಕದಲ್ಲಿ ಹೊಸ ನರ್ಸ್‌ಗಳು ಬೀಳುವುದನ್ನು ನರ್ಸಿಂಗ್ ಸಂಶೋಧಕಿ ಮಾರ್ಲಿನ್ ಕ್ರೇಮರ್ 1974ರಲ್ಲೇ ‘ವಾಸ್ತವದ ಆಘಾತ’ ಎಂದು ಕರೆದಿದ್ದರು. ವರ್ಸಾಂಟ್ ಎಂಬ ರೆಸಿಡೆನ್ಸಿ ಮಾದರಿ 1999ರಲ್ಲಿ ಲಾಸ್ ಏಂಜಲೀಸ್ ಮಕ್ಕಳ ಆಸ್ಪತ್ರೆಯಲ್ಲಿ ಆರಂಭವಾಯಿತು. ಈಗ ಆಸ್ಪತ್ರೆಗಳಿಗೆ ಸೇವೆ ನೀಡುವ ವಿಜಿಯೆಂಟ್ ಸಂಸ್ಥೆ ಮತ್ತು ನರ್ಸಿಂಗ್ ಕಾಲೇಜುಗಳ ಸಂಘವಾದ ಎಎಸಿಎನ್ ಜೊತೆಯಾಗಿ ನಡೆಸುವ ಒಂದು ವರ್ಷದ ಮಾದರಿ 2002ರಲ್ಲಿ ಶುರುವಾಯಿತು. 2010ರಲ್ಲಿ ಆರೋಗ್ಯ ವಿಷಯಗಳ ಸಲಹಾ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ತನ್ನ ವರದಿಯಲ್ಲಿ ನರ್ಸ್‌ಗಳಿಗೆ ರೆಸಿಡೆನ್ಸಿ ಬೇಕೆಂದು ಶಿಫಾರಸು ಮಾಡಿತು. ಸಿಸಿಎನ್ಇ ಮತ್ತು ಎಎನ್‌ಸಿಸಿ ಎಂಬ ನರ್ಸಿಂಗ್ ಸಂಸ್ಥೆಗಳು ಇಂಥ ಕಾರ್ಯಕ್ರಮಗಳಿಗೆ ಮಾನ್ಯತೆ ನೀಡುತ್ತವೆ. ಆದರೆ ಮಾನ್ಯತೆ ಕಡ್ಡಾಯವಲ್ಲ. ಆರು ವಾರಗಳ ಸಾಮಾನ್ಯ ಪರಿಚಯ ತರಬೇತಿಯನ್ನೂ ರೆಸಿಡೆನ್ಸಿ ಎಂದು ಕರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನನ್ನನ್ನು ಸಂದರ್ಶಿಸಿದ ನಾಲ್ಕರಲ್ಲಿ ಒಂದು ಕಾರ್ಯಕ್ರಮ ಹಾಗೆಯೇ ಇತ್ತು.

ನಾನು ಸೇರಿದ ಕಡೆ ಹದಿನಾಲ್ಕು ವಾರ ಪ್ರಿಸೆಪ್ಟರ್ (ಹೊಸಬರಿಗೆ ಜೊತೆಗಿದ್ದು ಕಲಿಸುವ ಅನುಭವಿ ನರ್ಸ್) ಜೊತೆ ಕೆಲಸ, ಆಮೇಲೆ ಪ್ರತಿ ತಿಂಗಳು ನಾಲ್ಕು ಗಂಟೆಯ ತರಗತಿ, ವರ್ಷದ ಕೊನೆಗೆ ವಾರ್ಡಿನ ಒಂದು ಸಮಸ್ಯೆಯ ಬಗ್ಗೆ ಪುರಾವೆ ಆಧಾರಿತ ಯೋಜನೆ. ತರಗತಿಗಳ ಗುಣಮಟ್ಟ ಏರುಪೇರಾಗಿತ್ತು. ಪ್ರಿಸೆಪ್ಟರ್ ಜೊತೆಗಿನ ಕೆಲಸಕ್ಕೆ ಮಾತ್ರ ನಾನು ಪೂರ್ಣ ಅಂಕ ಕೊಡುತ್ತೇನೆ. ಒಂಬತ್ತನೆಯ ವಾರದ ಒಂದು ರಾತ್ರಿಪಾಳಿಯಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡನೆಯ ದಿನದಲ್ಲಿದ್ದ ರೋಗಿಯೊಬ್ಬರು ಸುಮ್ಮನೆ ಹೊರಳಾಡುತ್ತಿದ್ದರು. ನೋವು ಹೆಚ್ಚಾಗಿದೆಯೇ ಎಂದರೆ ಇಲ್ಲವೆಂದರು. ನಾಡಿ 88ರಿಂದ 114ಕ್ಕೆ ಏರಿತ್ತು, ಉಸಿರಾಟ ನಿಮಿಷಕ್ಕೆ 24, ಜ್ವರ 101 ಡಿಗ್ರಿ ಫ್ಯಾರನ್‌ಹೀಟ್. ನನ್ನ ಪ್ರಿಸೆಪ್ಟರ್ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ‘ನಿನಗೇನನ್ನಿಸುತ್ತದೆ?’ ಎಂದರು. ಸೋಂಕು ರಕ್ತಕ್ಕೆ ಇಳಿದಿರಬಹುದು ಎಂದೆ. ‘ಹಾಗಾದರೆ ವೈದ್ಯರಿಗೆ ನೀನೇ ಫೋನ್ ಮಾಡು, ನಾನು ಪಕ್ಕದಲ್ಲೇ ಇರುತ್ತೇನೆ.’ ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ಕ್ರಮದಲ್ಲಿ ಹೇಳಿ ಮುಗಿಸುವಾಗ ನನ್ನ ದನಿ ನಡುಗುತ್ತಿತ್ತು. ರಕ್ತದ ಲ್ಯಾಕ್ಟೇಟ್ ಪರೀಕ್ಷೆ, ಸೋಂಕಿನ ಪತ್ತೆಗೆ ರಕ್ತದ ಕಲ್ಚರ್, ಆ ಬಳಿಕ ಆ್ಯಂಟಿಬಯಾಟಿಕ್ ಎಂದು ಆದೇಶ ಬಂತು. ಪ್ರಿಸೆಪ್ಟರ್ ಒಂದು ಬಾರಿಯೂ ನನ್ನ ಕೈಯಿಂದ ಫೋನ್ ತೆಗೆದುಕೊಳ್ಳಲಿಲ್ಲ. ಆ ರಾತ್ರಿ ಕಲಿತದ್ದನ್ನು ಯಾವ ತರಗತಿಯೂ ಕಲಿಸಲಾರದು.

ಕೊರತೆಯಿಲ್ಲವೆಂದಲ್ಲ. ಆರಂಭದ ಐದು ವಾರಗಳಲ್ಲಿ ನನಗೆ ನಾಲ್ವರು ಪ್ರಿಸೆಪ್ಟರ್‌ಗಳು ಬದಲಾದರು. ಒಬ್ಬೊಬ್ಬರೂ ನನ್ನನ್ನು ಮೊದಲ ದಿನದವಳೆಂದೇ ಭಾವಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ವಾರ್ಡಿನಲ್ಲಿ ಜನ ಕಡಿಮೆಯಾದ ಎರಡು ದಿನ ನನ್ನನ್ನು ಪ್ರತ್ಯೇಕ ನರ್ಸ್ ಎಂದೇ ಲೆಕ್ಕ ಹಿಡಿದು ರೋಗಿಗಳನ್ನು ಹಂಚಿದರು. ಅದು ರೋಗಿಗಳಿಗೂ ಅನ್ಯಾಯ. ಈ ವಿಷಯವನ್ನು ಸಂಯೋಜಕಿಗೆ ಬರೆದು ತಿಳಿಸಿದ ಮೇಲೆ, ಆರನೆಯ ವಾರದಿಂದ ಒಬ್ಬರನ್ನೇ ಗೊತ್ತುಮಾಡಿದರು.

ಕರಾರನ್ನು ಸಹಿ ಮಾಡುವ ಮೊದಲು ಪೂರ್ತಿ ಓದಬೇಕು. ನನ್ನದರಲ್ಲಿ ಎರಡು ವರ್ಷ ಇರಬೇಕೆಂದೂ, ನಡುವೆ ಬಿಟ್ಟರೆ ತರಬೇತಿಯ ವೆಚ್ಚದ ಒಂದು ಭಾಗವನ್ನು ಮರಳಿಸಬೇಕೆಂದೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ, ಆಸ್ಪತ್ರೆ ತಾನೇ ಕಡ್ಡಾಯಗೊಳಿಸಿದ ತರಬೇತಿಯ ವೆಚ್ಚವನ್ನು ರೋಗಿಗಳ ನೇರ ಆರೈಕೆಯಲ್ಲಿರುವ ನೌಕರರ ಮೇಲೆ ಹೊರಿಸದಂತೆ 2021ರಿಂದ ಕಾನೂನಿನ ತಡೆಯಿದೆ; ಬೇರೆ ರಾಜ್ಯದವರು ತಮ್ಮ ಕರಾರಿನ ಪ್ರತಿಯೊಂದು ಸಾಲನ್ನೂ ಕೇಳಿ ಸ್ಪಷ್ಟಪಡಿಸಿಕೊಳ್ಳಬೇಕು. ವಾರ್ಡ್ ಬದಲಾವಣೆ ಕೇಳಿದರೆ ಆ ಎರಡು ವರ್ಷ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆಯೇ ಎಂಬುದನ್ನೂ ಕೇಳಬೇಕು.

ಸಂದರ್ಶನದ ಕೊನೆಯಲ್ಲಿ ನಿಮಗೇನಾದರೂ ಪ್ರಶ್ನೆಗಳಿವೆಯೇ ಎಂದಾಗ ನಾನು ನಾಲ್ಕೂ ಕಡೆ ಮೂರನ್ನೇ ಕೇಳಿದೆ: ಪ್ರಿಸೆಪ್ಟರ್ ಜೊತೆ ಎಷ್ಟು ವಾರ, ಆ ವಾರಗಳಲ್ಲಿ ನನ್ನನ್ನು ಸಿಬ್ಬಂದಿಯ ಲೆಕ್ಕಕ್ಕೆ ಹಿಡಿಯುತ್ತೀರಾ, ಕಳೆದ ತಂಡದವರಲ್ಲಿ ಈ ವಾರ್ಡಿನಲ್ಲಿ ಇನ್ನೂ ಎಷ್ಟು ಜನರಿದ್ದಾರೆ. ಎರಡು ಕಡೆ ‘ಅದು ಪರಿಸ್ಥಿತಿಯನ್ನು ಅವಲಂಬಿಸಿದೆ’ ಎಂದರು. ಹೆಚ್ಚಿನ ಸಂಬಳ ಹೇಳಿದ ಮೂರನೆಯ ಕಡೆ ಮಾನವ ಸಂಪನ್ಮೂಲ ವಿಭಾಗವನ್ನು ಕೇಳಿ ಎಂದರು. ನಾನು ಸೇರಿದ ಆಸ್ಪತ್ರೆಯ ಮ್ಯಾನೇಜರ್ ಮಾತ್ರ ಪಾಳಿ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿ, ಕಳೆದ ತಂಡದ ಐವರಲ್ಲಿ ಉಳಿದಿದ್ದ ನಾಲ್ವರನ್ನು ಬೆರಳಿಟ್ಟು ತೋರಿಸಿದರು, ಬಿಟ್ಟುಹೋದ ಒಬ್ಬರು ಏಕೆ ಬಿಟ್ಟರೆಂಬುದನ್ನೂ ಮುಚ್ಚಿಡದೆ ಹೇಳಿದರು. ಆ ನಾಲ್ವರಲ್ಲಿ ಒಬ್ಬರೊಡನೆ ಅರ್ಧ ಗಂಟೆ ಮಾತನಾಡಲು ಅನುಮತಿ ಕೇಳಿದೆ. ಅವರು ಒಡನೆಯೇ ಒಪ್ಪಿ, ಅಂದು ಕೆಲಸದಲ್ಲಿದ್ದವರನ್ನು ತಾವೇ ಹೋಗಿ ಕರೆತಂದರು.