ಕಡಲ ಬದಿಯ 9, ಬೆಂಗಳೂರಿನ 18, ಭಾವನ ಬೇಣದ 3

ಸಿರ್ಸಿಯಿಂದ ಕಾರವಾರಕ್ಕೆ ಬಂದ ಮೇಲೆ ನನಗೆ ಗಾಲ್ಫಿನ ಹುಚ್ಚು ಹತ್ತಿತು. ಇಲ್ಲಿಯವರೆಗೆ ಮೂರು ಕಡೆ ಆಡಿದ್ದೇನೆ. ಪೋಳೆಂ ಗಡಿ ದಾಟಿದರೆ ಸಿಗುವ ಗೋವಾದ ಕಾಣಕೋಣದ ಕಡಲ ಬದಿಯ 9 ಹೋಲಿನ ಕೋರ್ಸು (ಹೋಲು ಅಂದರೆ ಚೆಂಡನ್ನು ಹೊಡೆದು ಗುಳಿಗೆ ಸೇರಿಸುವ ಒಂದೊಂದು ಆಟದ ಜಾಗ), ಬೆಂಗಳೂರಿನ ಹೊರಗಿನ 18 ಹೋಲಿನ ದೊಡ್ಡ ಕೋರ್ಸು, ಮತ್ತೆ ಸಿರ್ಸಿ ಹತ್ತಿರ ಭಾವನ ಬೇಣದಲ್ಲಿ, ಅಂದರೆ ಹುಲ್ಲು ಬೆಳೆಯುವ ಬಯಲಿನಲ್ಲಿ, ನಾವೇ ಮಾಡಿಕೊಂಡ 3 ಹೋಲು. ಎಲ್ಲಿಗೆ ಹೋದ್ರೆ ಒಳ್ಳೇದು ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ನಾನು ಕಾಣಕೋಣ ಅನ್ನುತ್ತೇನೆ.

ಬೆಂಗಳೂರಿನದು ಕಣ್ಣಿಗೆ ಹಬ್ಬ. ಹುಲ್ಲು ಚಾಪೆ ಹಾಸಿದ ಹಾಗೆ, ಗುಳಿ ಇರುವ ಗ್ರೀನ್ ಅಂತೂ ಕೇರಂ ಬೋರ್ಡಿನಷ್ಟು ನುಣುಪು, ಚೆಂಡು ಹೇಳಿದ ಮಾತು ಕೇಳುತ್ತೆ. ಆ ಗ್ರೀನ್ ವಿಷಯದಲ್ಲಿ ಉಳಿದೆರಡು ಹತ್ತಿರಕ್ಕೂ ಬರಲ್ಲ. ಆದರೆ ಆಡುವಾಗ ನನಗೆ ಬೇಜಾರಾಗಿದ್ದು ಒಂದೇ ಕಾರಣಕ್ಕೆ. ಗ್ರೀನಿನವರೆಗೆ ಹೋಗುವ ಹುಲ್ಲಿನ ದಾರಿ, ಫೇರ್‌ವೇ, ಕಿರಿದು, ಎರಡೂ ಕಡೆ ಮರ, ನಡುನಡುವೆ ಕೆರೆ. ಇಲ್ಲಿಗೇ ಹೊಡಿ, ತಪ್ಪಿದರೆ ದಂಡ ಕಟ್ಟು, ಅಷ್ಟೇ. ಒಂದು ಪಾರ್ 3ರಲ್ಲಿ, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲಿನಲ್ಲಿ, ಗ್ರೀನಿನ ಮುಂದೆ ಪೂರ್ತಿ ನೀರು. ಎರಡು ಸಲ ಚೆಂಡು ಮುಳುಗಿತು, ಎರಡೂ ಸಲ ನೀರಿನ ಗಡಿ ತೋರಿಸುವ ಕೆಂಪು ಗೂಟದ ಲೆಕ್ಕದಲ್ಲಿ ಒಂದೊಂದು ಹೊಡೆತ ದಂಡ. ದಂಡಕ್ಕೆ ನನ್ನ ತಕರಾರಿಲ್ಲ. ಬದಿಯಿಂದ ಬಳಸಿಕೊಂಡು ಹೋಗೋಣ ಅಂದರೆ ಅಲ್ಲಿ ದಾರಿಯೇ ಇಲ್ಲ ಅನ್ನೋದು ತಕರಾರು. ಹೊಸಬರಿಗೆ ಒಂದು ದಾರಿಯಾದರೂ ಬಿಡಬೇಕು ಅಲ್ವಾ?

ಕಾಣಕೋಣದಲ್ಲಿ ಜಾಗ ಅಗಲ, ಮರ ಕಮ್ಮಿ. ಮೊದಲ ಸಲ ಟೀ ಮೇಲೆ, ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನಿಂತಾಗ ಇಷ್ಟು ಸುಲಭವಾ ಅನಿಸಿತು. ಒಂದು ಪಾರ್ 4 ಇದೆ, ಕಡಲಿನ ದಿಕ್ಕಿಗೆ ಹೋಗುತ್ತೆ. ಎಡಗಡೆ ಒಂದು ಬಂಕರ್, ಮರಳಿನ ಗುಂಡಿ. ಅದರ ಪಕ್ಕಕ್ಕೇ, ಮೈ ತಾಗುವ ಹಾಗೆ ಹೊಡೆದರೆ ಗ್ರೀನಿನ ಬಾಯಿ ಪೂರ್ತಿ ತೆರೆದಿರುತ್ತೆ, ಚೆಂಡನ್ನು ಉರುಳಿಸಿಕೊಂಡೇ ಹೋಗಬಹುದು. ಹೆದರಿ ಬಲಗಡೆ ಹೊಡೆದರೂ ತೊಂದರೆ ಇಲ್ಲ, ಆದರೆ ಮುಂದಿನ ಹೊಡೆತ ಇನ್ನೊಂದು ಬಂಕರ್ ಮೇಲಿಂದ ಹಾರಿಸಬೇಕು, ಆಮೇಲೆ ಗ್ರೀನು ಆಚೆ ಕಡೆಗೆ ಇಳಿಜಾರು. ದಂಡ ಯಾರಿಗೂ ಇಲ್ಲ. ಆದರೂ ನಾನು ಅಲ್ಲಿ ಪ್ರತಿ ಸಲ ಎರಡು ನಿಮಿಷ ಯೋಚನೆ ಮಾಡುತ್ತೇನೆ, ಬೆಂಗಳೂರಿನ ಯಾವ ಹೋಲಿನಲ್ಲೂ ಅಷ್ಟು ಯೋಚಿಸಿದ್ದಿಲ್ಲ.

9 ಹೋಲು ಅಂದರೆ ಅರ್ಧ ಕೋರ್ಸು ಅಂತ ಮೂಗು ಮುರಿಯುವವರಿದ್ದಾರೆ. ಅದೇ 9ನ್ನು ಎರಡು ಸುತ್ತು ಆಡಿದರೆ 18. ಒಂದೊಂದು ಹೋಲಿಗೆ ಎರಡೆರಡು ಟೀ ಇರುವುದರಿಂದ ಎರಡನೇ ಸುತ್ತಿನಲ್ಲಿ ಉದ್ದ, ಕೋನ ಎರಡೂ ಬದಲಾಗುತ್ತೆ. ಇದು ಕೈಲಾಗದವರು ಮಾಡಿದ ಹೊಂದಾಣಿಕೆ ಏನಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸಿನಲ್ಲೇ ಏಳು ಗ್ರೀನ್‌ಗಳಿಗೆ ಎರಡೆರಡು ಹೋಲು, ಹೋಗುವವರು ಬರುವವರು ಒಂದೇ ಗ್ರೀನಿನಲ್ಲಿ ಆಡುತ್ತಾರೆ. 2ನೇ ಹೋಲಿಗೆ 16ನೇದು ಜೋಡಿ, 3ಕ್ಕೆ 15, ಯಾವ ಜೋಡಿ ಕೂಡಿಸಿದರೂ 18. ಅಲ್ಲೂ ಮೊದಲು 22 ಹೋಲಿನ ಸುತ್ತು ಇತ್ತು, 1764ರಲ್ಲಿ 18ಕ್ಕೆ ಇಳಿಸಿದರು.

ಕಾಣಕೋಣದ ಅಸಲಿ ರುಚಿ ಇರೋದು ಗಾಳಿಯಲ್ಲಿ. ಚಳಿಗಾಲದ ಬೆಳಗ್ಗೆ ಘಟ್ಟದ ಕಡೆಯಿಂದ ತಣ್ಣಗೆ ಬೀಸುತ್ತೆ, ಬಿಸಿಲು ಏರಿದ ಮೇಲೆ ಕಡಲಿನಿಂದ. ಆ ಪಾರ್ 4ರಲ್ಲಿ ಮೊದಲ ಸುತ್ತಿಗೆ ನನ್ನ ಎರಡನೇ ಹೊಡೆತ 9 ಐರನ್ (ಐರನ್ ಕ್ಲಬ್ಬಿನ ನಂಬರ್ ಕಮ್ಮಿಯಾದಷ್ಟೂ ಚೆಂಡು ದೂರ ಹೋಗುತ್ತೆ). ಎರಡನೇ ಸುತ್ತಿಗೆ ಬಂದಾಗ ಕ್ಲಬ್ಬು ಹೊರುವ ಕ್ಯಾಡಿ ಒಂದು ಚಿಟಿಕೆ ಹುಲ್ಲು ಕಿತ್ತು ಮೇಲಕ್ಕೆ ತೂರಿದ. ಅದು ಹಿಂದಕ್ಕೆ ಬಂದು ನನ್ನ ತೋಳಿಗೇ ಅಂಟಿತು. "ಮೇಡಂ, ಗಾಳಿ ತಿರುಗ್ತು. ಎರಡು ಕ್ಲಬ್ ಜಾಸ್ತಿ ತಗೊಳ್ಳಿ" ಅಂದ. 7 ಐರನ್ ತೆಗೆದುಕೊಂಡೆ. ಆದರೂ ಸ್ವಲ್ಪ ಕಮ್ಮಿಯೇ ಬಿತ್ತು.

ಕೊರತೆ ಇಲ್ಲ ಅಂತಲ್ಲ. ಎರಡನೇ ಸುತ್ತಿಗೆ ಹೊರಡುವವರು, ಹೊಸದಾಗಿ ಬಂದವರು ಒಂದೇ ಟೀಗೆ ಸೇರಿ ಕಾಯಬೇಕಾಗುತ್ತೆ. ಭಾನುವಾರ ಬೇಡ.

ಇನ್ನು ಬೇಣ. ಕರಡ (ಒಣಹುಲ್ಲು) ಕೊಯ್ದ ಮೇಲೆ ಮಳೆ ಬೀಳುವ ತನಕ ಮಾತ್ರ ಅಲ್ಲಿ ಆಟ. ನೆಲದಿಂದ ಚಿರೇಕಲ್ಲು ಎದ್ದಿರುವ ಕಡೆ ಬಿದ್ದ ಚೆಂಡು ಎತ್ತ ಹಾರುತ್ತೋ ಗೊತ್ತಾಗಲ್ಲ. ಹುಲ್ಲಿನ ಗ್ರೀನ್ ಇಲ್ಲ, ಜರಡಿ ಹಿಡಿದ ಮರಳು ಹಾಸಿ ಕಸಬರಿಗೆಯಿಂದ ಎಳೆಯುತ್ತೇವೆ. ಗುಳಿಗೆ ತೋಟದ ನೀರಿನ 110 ಮಿಲಿಮೀಟರ್ ಪೈಪಿನ ತುಂಡು. ಆ ಅಳತೆ ಹೊರಗಿನದು, ಒಳಗೆ ಕಮ್ಮಿ. ನಿಯಮದ ಗುಳಿ 108. ಭಾವ ಟೇಪು ಹಿಡಿದು ನೋಡಿ, "ಇದರೊಳಗೆ ಹೋದ ಚೆಂಡು ಅಲ್ಲಿ ಹೋಗದೇ ಇರ್ತದಾ?" ಅಂದಿದ್ದ. ಹತ್ತಿರದ ಪಟ್, ಅಂದರೆ ಗುಳಿಗೆ ಉರುಳಿಸುವ ಹೊಡೆತ, ಕಲಿಯೋಕೆ ನನಗೆ ಇದೇ ಸಾಕಾಯಿತು. ದುಡ್ಡೂ ಇಲ್ಲ, ಕಾಯುವುದೂ ಇಲ್ಲ, ದನ ಬಂದರೆ ಮಾತ್ರ ನಿಲ್ಲಿಸುತ್ತೇವೆ.

ಕಾಣಕೋಣಕ್ಕೆ ಹೋಗುವವರು ಡಿಸೆಂಬರ್, ಜನವರಿಯಲ್ಲಿ ಬೆಳಕು ಹರಿಯುವ ಮೊದಲೇ ಕಾರವಾರ ಬಿಡಿ. ಒಂಬತ್ತು ಮುಗಿಸಿ ತಿಂಡಿಗೆ ಅಂತ ವಾಪಸ್ ಬಂದುಬಿಡಬೇಡಿ. ಗಾಳಿ ತಿರುಗುವ ತನಕ ಇರಿ.