ಸಾಕುಹಕ್ಕಿ ಫೋಟೋಗೆ ಯಾವ ಫ್ಲಾಶ್? ನಾಲ್ಕು ಬೆಳಕು, ಒಂದು ಜುಟ್ಟು

ನಮ್ಮ ಕಾಕಾನ ಕಾಕಟೀಲ್‌ಗೆ (ಗಿಳಿ ಬಳಗದ ಪುಟ್ಟ ಸಾಕುಹಕ್ಕಿ) ಮಾತು ಬರಲ್ಲ, ಆದರೆ ಜುಟ್ಟು ಇದೆ. ಜುಟ್ಟು ನೆಟ್ಟಗೆ ಸೆಟೆದು ನಿಂತರೆ ಬೆಚ್ಚಿದೆ ಅಂತ ಅರ್ಥ. ಹಿಂದಕ್ಕೆ ಸಡಿಲವಾಗಿ ವಾಲಿದ್ದರೆ ಆರಾಮ. ತಲೆಗೆ ಅಂಟಿಕೊಂಡರೆ ಸಿಟ್ಟು, ಆಗ ಬೆರಳು ದೂರ ಇಟ್ಟುಕೊಳ್ಳಬೇಕು. ಹೋದ ಬೇಸಿಗೆಯಲ್ಲಿ ಕಲಬುರಗಿಯ ಬ್ರಹ್ಮಪುರದ ಅವನ ಮನೆಯಲ್ಲಿ ನಾಲ್ಕು ಥರದ ಬೆಳಕು ಹಾಕಿ ನೋಡಿದೆ. ಫೋಟೋ ಚೆನ್ನಾಗಿದೆಯಾ ಅಂತ ನಾನು ನೋಡುತ್ತಿದ್ದೆ. ಹಕ್ಕಿಗೆ ಹಿಡಿಸಿತಾ ಅಂತ ಜುಟ್ಟು ಹೇಳುತ್ತಿತ್ತು.

ಹಕ್ಕಿಗಳು ಒಟ್ಟು ಏಳು. ಒಂದು ಕಾಕಟೀಲ್, ಆರು ಬಡ್ಜಿ. ನಮ್ಮೂರಲ್ಲಿ ಬಡ್ಜಿಗೇ ಲವ್ ಬರ್ಡ್ಸ್ ಅಂತಾರೆ, ನಿಜವಾದ ಲವ್‌ಬರ್ಡ್ ಬೇರೆ ಜಾತಿ. ಇರಲಿ. ನನ್ನ ಕ್ಯಾಮೆರಾ ನಿಕಾನ್ ಡಿ5600, ಲೆನ್ಸ್ 70-300. ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಕಿಟಕಿ ಮುಚ್ಚಿ ಪರದೆ ಎಳೆದುಬಿಡುತ್ತಾರೆ. ಕೆಳಗೆ ಶಹಾಬಾದ್ ಪರಸಿ, ಕೋಣೆ ತಂಪು, ಬೆಳಕು ಮಾತ್ರ ಇಲ್ಲ. ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, 6400ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 1/80 ದಾಟುತ್ತಿರಲಿಲ್ಲ. ಬಡ್ಜಿ ಒಂದು ಕಡೆ ನಿಲ್ಲೋ ಪ್ರಾಣಿ ಅಲ್ಲ. ಹೊರಗೆ ಒಯ್ಯೋಣ ಅಂದರೆ 42 ಡಿಗ್ರಿ ಬಿಸಿಲು, ಹಕ್ಕಿ ಬಾಯಿ ತೆರೆದು ತೇಕುತ್ತದೆ. ಹಾಗಾಗಿ ಬೆಳಕನ್ನೇ ಒಳಗೆ ತರಬೇಕಾಯಿತು.

ಮೊದಲು ಹೊಟ್ಟೆ ಉರಿಸಿದ್ದು ಕ್ಯಾಮೆರಾದ ಮೇಲೆ ಟಪ್ ಅಂತ ಏಳುವ ಪಾಪ್-ಅಪ್ ಫ್ಲಾಶ್. ತಪ್ಪು ಅದರದ್ದಲ್ಲ, ನನ್ನದು. ರಾತ್ರಿ ಊಟ ಮುಗಿಸಿ, ಹಕ್ಕಿಗಳು ಮಲಗಿದಾಗ, ಪುಕ್ಕದೊಳಗೆ ಕೊಕ್ಕು ತೂರಿಸಿದ ಫೋಟೋ ಬೇಕು ಅಂತ ಕತ್ತಲಲ್ಲಿ ಒಂದು ಹೊಡೆದೆ. ಕಾಕಟೀಲ್ ಹುಚ್ಚು ಹಿಡಿದಂತೆ ಪಂಜರದ ಸರಳಿಗೆ ಬಡಿದುಕೊಂಡಿತು. ಈ ಜಾತಿಗೆ ರಾತ್ರಿ ಬೆಚ್ಚುವ ಚಾಳಿ ಮೊದಲೇ ಇದೆ, ಕತ್ತಲಲ್ಲಿ ಏನಾದರೂ ಅಲುಗಿದರೂ ಸಾಕು. ರೆಕ್ಕೆಯಲ್ಲಿ ಹೊಸದಾಗಿ ಬೆಳೆಯುತ್ತಿದ್ದ ಪುಕ್ಕ ಮುರಿಯಿತು. ಎಳೆ ಪುಕ್ಕದ ಬುಡದಲ್ಲಿ ರಕ್ತ ಇರುತ್ತದೆ, ಬಿಳಿ ಟವೆಲ್ ಮೇಲೆ ಹನಿ ಹನಿ ಬಿತ್ತು. ಕಾಕಾ ಕಾರ್ನ್‌ಫ್ಲೋರ್ ಅದುಮಿ ಹಿಡಿದು ಕೂತ. ‘ತಮ್ಮಾ, ಹಕ್ಕಿ ಅಂಜ್ತದ. ಆ ಡಬ್ಬಿ ಒಳಗ ಇಡು’ ಅಂದ, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಹದಿನೈದು ದಿನ ನಾನು ಆ ಮನೆಗೆ ಕ್ಯಾಮೆರಾ ಒಯ್ಯಲಿಲ್ಲ.

ಹಗಲಲ್ಲಿ ಹೊಡೆದರೂ ಪಾಪ್-ಅಪ್ ಅಷ್ಟಕ್ಕಷ್ಟೆ. ಬೆಳಕು ಲೆನ್ಸ್ ಮೇಲಿಂದ ನೇರ ಮುಖಕ್ಕೆ. ಪುಕ್ಕದ ಉಬ್ಬುತಗ್ಗು ಎಲ್ಲ ಹೋಗಿ ಹಕ್ಕಿ ಸ್ಟಿಕ್ಕರ್ ಥರ ಕಾಣುತ್ತದೆ. ಹಿಂದಿನ ಗೋಡೆ ಮೇಲೆ ಕಪ್ಪು ನೆರಳು. ಪಂಜರದ ಸರಳು ಹಕ್ಕಿಗಿಂತ ಜಾಸ್ತಿ ಹೊಳೆಯುತ್ತದೆ. ಲೆನ್ಸ್ ಹುಡ್ ತೆಗೆಯೋದು ಮರೆತರೆ ಫೋಟೋದ ಕೆಳಗೆ ಅರ್ಧಚಂದ್ರ ನೆರಳು ಬೇರೆ.

ಆಮೇಲೆ ತಂಗಿಯ ರಿಂಗ್ ಲೈಟ್, ರೀಲ್ಸ್ ಮಾಡಲು ತಂದಿದ್ದು. ಜುಟ್ಟಿನ ಲೆಕ್ಕದಲ್ಲಿ ಇದಕ್ಕೇ ಮೊದಲ ನಂಬರ್. ಹತ್ತು ನಿಮಿಷ ಸುಮ್ನೆ ಉರಿಯಲು ಬಿಟ್ಟರೆ ಹಕ್ಕಿ ಮರೆತೇಬಿಡುತ್ತದೆ. ಕಾಕಟೀಲ್ ಅದರ ಮುಂದೆ ಒಂದು ಕಾಲ ಮೇಲೆ ನಿಂತು ಕೊಕ್ಕು ಕಟಕಟ ತಿಕ್ಕಿತು, ಅಂದರೆ ನಿದ್ದೆಗೆ ತಯಾರಿ. ಆದರೆ ಎಲ್‌ಇಡಿ ನಮ್ಮ ಕಣ್ಣಿಗೆ ಎಷ್ಟು ಪ್ರಖರ ಅನಿಸಿದರೂ ಕ್ಯಾಮೆರಾಗೆ ಸಾಲಲ್ಲ. ಎರಡು ಅಡಿ ದೂರದಲ್ಲಿಟ್ಟರೂ ಶಟರ್ 1/125, ಲೆನ್ಸ್ ಕಿಂಡಿ ಎಫ್ 5.6, ಐಎಸ್‌ಒ 3200. ಕೂತ ಹಕ್ಕಿ ಓಕೆ, ತಲೆ ಕೆರೆದುಕೊಳ್ಳುವ ಹಕ್ಕಿ ಬರೀ ಮಸುಕು. ಇನ್ನು ಕಣ್ಣಿನಲ್ಲಿ ಬಿಳಿ ಬಳೆ. ಹುಡುಗಿಯರ ಕಣ್ಣಲ್ಲಿ ಅದು ಫ್ಯಾಷನ್ ಇರಬಹುದು, ಬಡ್ಜಿಯ ಸಾಸಿವೆಯಷ್ಟು ಕಣ್ಣಲ್ಲಿ ಕಾಯಿಲೆ ಥರ ಕಾಣುತ್ತದೆ. ಬೆಳಕು ಹೆಚ್ಚಿಸೋಣ ಅಂತ ಮನೆಯ ಅಗ್ಗದ ಎಲ್‌ಇಡಿ ಬಲ್ಬನ್ನೂ ಹತ್ತಿರ ಹಿಡಿದೆ. ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬಂತು. ನಮ್ಮ ಕರೆಂಟು 50 ಹರ್ಟ್ಸ್, ಇಂಥ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ವಿಡಿಯೋ ಮಾಡುವವರು ಮಾತ್ರ ಒಳ್ಳೆ ಬ್ಯಾಟರಿ ಎಲ್‌ಇಡಿ ಪ್ಯಾನಲ್ ನೋಡಿ, ಫ್ಲಾಶ್ ಗೊಡವೆಯೇ ಬೇಡ.

ಮೂರನೇದು ಮದುವೆ ಫೋಟೋ ತೆಗೆಯುವ ಗೆಳೆಯನಿಂದ ತಂದ ಟಿಟಿಎಲ್ ಫ್ಲಾಶ್. ಲಿಥಿಯಂ ಬ್ಯಾಟರಿ, ಹೊಡೆದ ಕೂಡಲೇ ಮತ್ತೆ ರೆಡಿ. ತಲೆ ಮೇಲಕ್ಕೆ ತಿರುಗಿಸಿ ಛಾವಣಿಗೆ ಹೊಡೆದರೆ ಇಡೀ ಕೋಣೆಗೆ ಮೆತ್ತಗಿನ ಬೆಳಕು. ಜುಟ್ಟು ಒಂದು ಸಲ ಎದ್ದು ಮತ್ತೆ ವಾಲಿತು. ಇದನ್ನೇ ತಗೊಳ್ಳೋಣ ಅಂತ ಮನಸ್ಸು ಮಾಡಿಬಿಟ್ಟಿದ್ದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ, ನಲವತ್ತರಲ್ಲಿ ಹನ್ನೊಂದು ಫೋಟೋದಲ್ಲಿ ಕಣ್ಣು ಅರ್ಧ ಮುಚ್ಚಿದೆ! ಟಿಟಿಎಲ್ ಅಂದರೆ ಮೊದಲು ಒಂದು ಚಿಕ್ಕ ಮಿಂಚು ಹೊಡೆದು ಬೆಳಕು ಅಳೆದು, ಆಮೇಲೆ ನಿಜವಾದ ಮಿಂಚು ಹೊಡೆಯುವುದು. ನಮಗೆ ಎರಡೂ ಒಂದೇ ಅನಿಸುತ್ತದೆ. ಹಕ್ಕಿಗೆ ಆ ಸಂದಿಯಲ್ಲಿ ರೆಪ್ಪೆ ಹಾಕಲು ಸಮಯ ಸಿಗುತ್ತದೆ. ಹಕ್ಕಿಗಳಿಗೆ ಪಕ್ಕದಿಂದ ಸರಿಯುವ ಮೂರನೇ ರೆಪ್ಪೆಯೂ ಇದೆ, ತೆಳು ಪೊರೆ. ಅದು ಅರ್ಧ ಬಂದಾಗ ಸಿಕ್ಕರೆ ಕಣ್ಣಿಗೆ ಪೊರೆ ಬಂದ ಮುದುಕನ ಥರ ಕಾಣುತ್ತದೆ.

ಇನ್ನೆರಡು ತೊಂದರೆ. ಕಾಕಟೀಲ್ ಮೈ ಬಿಳಿ, ಮುಖ ಹಳದಿ. ಬೆಳಕು ಅಳೆಯುವ ಮೀಟರ್ ಮೋಸಹೋಗಿ ಬಿಳಿಯನ್ನು ಬೂದಿ ಮಾಡಿತು, ಪ್ಲಸ್ 1 ಕೊಟ್ಟು ಬೆಳಕು ಹೆಚ್ಚಿಸಿದ ಮೇಲೆ ಸರಿಹೋಯಿತು. ಆದರೆ ಕಾಕಾನ ಗೋಡೆಗೆ ಗಿಳಿಹಸಿರು ಬಣ್ಣ. ಅದಕ್ಕೆ ತಾಗಿ ಬಂದ ಬೆಳಕಿನಲ್ಲಿ ಬಿಳಿ ಹಕ್ಕಿ ಪಾಚಿ ಹಿಡಿದಂತೆ ಕಂಡಿತು. ಹಕ್ಕಿಯನ್ನು ಕೋಣೆಯಲ್ಲಿ ಹಾರಲು ಬಿಟ್ಟು ತೆಗೆಯುವವರಿಗೆ, ಗೋಡೆ ಬಿಳಿ ಇದ್ದರೆ, ಟಿಟಿಎಲ್ಲೇ ಸರಿ. ಹಕ್ಕಿ ದೂರ ಹತ್ತಿರ ಆದಂತೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಬಿಡುವ ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಲೇಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಆಫ್ ಮಾಡಿ ಒಂದು ತಾಸು ಕೂತವರಿಗೇ ಗೊತ್ತು ಅದರ ಕಷ್ಟ.

ಕೊನೆಗೆ ನಾನು ಕೊಂಡಿದ್ದು ಗೋಡಾಕ್ಸ್ ಟಿಟಿ600, ಎರಡು. ಇದು ಬರೀ ಮ್ಯಾನುವಲ್, ಬೆಳಕು ಎಷ್ಟು ಬೇಕು ಅಂತ ನಾವೇ ಹೊಂದಿಸಬೇಕು. ನಾಲ್ಕು ಎಎ ಸೆಲ್ ಹಾಕಬೇಕು, ವೈರ್‌ಲೆಸ್ ರಿಸೀವರ್ ಒಳಗೇ ಇದೆ. ಅಂಗಡಿಯಲ್ಲಿ ಎಲ್ಲರೂ ಗೈಡ್ ನಂಬರ್ (ಫ್ಲಾಶ್ ಎಷ್ಟು ಜೋರು ಅನ್ನೋ ಅಳತೆ) 60 ಅಂತ ಜೋರು ಹೇಳುತ್ತಾರೆ. ಅದು ಮದುವೆ ಮಂಟಪಕ್ಕೆ ಬೇಕಾದ ನಂಬರ್. ನನಗೆ ಬೇಕಾಗಿದ್ದು ಇನ್ನೊಂದು ತುದಿ, ಪೂರ್ತಿ ಶಕ್ತಿಯ 1/128ರ ತನಕ ಇಳಿಯುವುದು. ಫ್ಲಾಶ್ ಶಕ್ತಿ ಇಳಿಸಿದಷ್ಟೂ ಮಿಂಚು ಚಿಕ್ಕದಾಗುತ್ತದೆ. ಪೂರ್ತಿ ಶಕ್ತಿಗೆ ಸೆಕೆಂಡಿನ 1/300 ಭಾಗ ಉರಿಯುತ್ತದೆ, ತೀರಾ ಇಳಿಸಿದರೆ 1/20000. ರೆಕ್ಕೆ ನಿಲ್ಲಿಸುವುದು ಶಟರ್ ಅಲ್ಲ, ಈ ಚಿಕ್ಕ ಮಿಂಚು. ಡಿ5600ರಲ್ಲಿ ಫ್ಲಾಶ್ ಜೊತೆ ಶಟರ್ 1/200 ದಾಟಲ್ಲ, ದಾಟಿಸುವ ಹೈಸ್ಪೀಡ್ ಸಿಂಕ್ ಇದರಲ್ಲಿಲ್ಲ. ಅದರ ಕೊರತೆಯೇ ಕಾಣಲಿಲ್ಲ.

ಜೋಡಣೆ ಹೀಗೆ. ಎರಡೂ ಫ್ಲಾಶ್ ಸ್ಟ್ಯಾಂಡ್ ಮೇಲೆ, ಹಕ್ಕಿಯ ಎಡಕ್ಕೊಂದು ಬಲಕ್ಕೊಂದು, ಸ್ವಲ್ಪ ಮೇಲೆ. ನೇರ ಹಕ್ಕಿಗೆ ಹೊಡೆಯದೆ ಬಿಳಿ ಥರ್ಮಕೋಲ್ ಹಲಗೆಗೆ ಹೊಡೆದೆ. ಗಿಳಿಹಸಿರು ಗೋಡೆಯ ಕಾಟ ತಪ್ಪಿತು. ಶಕ್ತಿ ಒಂದಕ್ಕೆ 1/16, ಇನ್ನೊಂದಕ್ಕೆ 1/32. ಕ್ಯಾಮೆರಾ 1/200, ಎಫ್ 8, ಐಎಸ್‌ಒ 400. ಈ ಲೆಕ್ಕದಲ್ಲಿ ಫ್ಲಾಶ್ ಆಫ್ ಮಾಡಿ ಕ್ಲಿಕ್ಕಿಸಿದರೆ ಫೋಟೋ ಪೂರ್ತಿ ಕಪ್ಪು ಬರಬೇಕು. ಕೋಣೆಯ ಬೆಳಕು ಸೇರಿಕೊಂಡರೆ ರೆಕ್ಕೆಯ ಅಂಚಿನಲ್ಲಿ ಮಸುಕು ಬಾಲ ಬರುತ್ತದೆ.

ಮ್ಯಾನುವಲ್‌ನ ದೊಡ್ಡ ಸಮಸ್ಯೆ ದೂರ. ಬೆಳಕಿನಿಂದ ಎರಡು ಅಡಿಯಲ್ಲಿದ್ದ ಹಕ್ಕಿ ಒಂದು ಅಡಿಗೆ ಬಂದರೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ, ಮುಖ ಸುಣ್ಣ ಬಳಿದಂತೆ. ಮೊದಲ ದಿನ ಅರ್ಧ ಫೋಟೋ ಹೀಗೇ ಹೋದವು. ಉಪಾಯ ಕಾಕಾನದ್ದೇ. ನವಣೆ ತೆನೆ ತಂದು ಕೊಂಬೆಯ ಒಂದೇ ಜಾಗಕ್ಕೆ ಕಟ್ಟಿದ. ಬಡ್ಜಿಗೆ ನವಣೆ ತೆನೆ ಅಂದರೆ ಪ್ರಾಣ. ಒಂದೊಂದೇ ಬಂದು ಅಲ್ಲೇ ಕೂರುತ್ತದೆ, ಕಾಳು ಸುಲಿದು ಸಿಪ್ಪೆ ಉದುರಿಸುತ್ತದೆ. ಒಂದು ಫೋಟೋದಲ್ಲಿ ಆ ಸಿಪ್ಪೆ ಗಾಳಿಯಲ್ಲಿ ನಿಂತಿದೆ, ಕೊಕ್ಕಿನಿಂದ ಒಂದು ಬೆರಳು ಕೆಳಗೆ. ಇದು ಬೇರೆ ಮೂರರಲ್ಲಿ ಸಿಗುತ್ತಿರಲಿಲ್ಲ.

ಜುಟ್ಟು? ಸ್ಟ್ಯಾಂಡ್ ನೋಡಿಯೇ ಮೊದಲು ಸೆಟೆದಿತ್ತು, ಮಿಂಚಿಗಲ್ಲ. ಎರಡು ದಿನ ಸ್ಟ್ಯಾಂಡ್ ಅಲ್ಲೇ ಬಿಟ್ಟೆ. ಮೂರನೇ ದಿನ ಬೇರೆ ಕಡೆ ಮುಖ ಮಾಡಿ 1/128ರಲ್ಲಿ ನಾಲ್ಕೈದು ಸಲ ಹೊಡೆದೆ. ಆಮೇಲೆ ತಕರಾರಿಲ್ಲ. ಒಂದು ಸಲಕ್ಕೆ ಇಪ್ಪತ್ತು ನಿಮಿಷ, ಹಗಲು ಮಾತ್ರ, ಇದು ಕಾಕಾನ ಕರಾರು.

ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾದ ಹಾಟ್ ಶೂ, ಅಂದರೆ ನೆತ್ತಿ ಮೇಲೆ ಫ್ಲಾಶ್ ಸಿಕ್ಕಿಸುವ ಜಾಗ, ನೋಡಿಕೊಳ್ಳಿ. ಕೆಲವು ಎಂಟ್ರಿ ಲೆವೆಲ್ ಬಾಡಿಗಳಲ್ಲಿ ನಡುವಿನ ಪಿನ್ನೇ ಇಲ್ಲ, ಅಂಥದ್ದಕ್ಕೆ ಟಿಟಿ600 ಸಿಕ್ಕಿಸಿದರೆ ಉರಿಯಲ್ಲ. ಗೆಳೆಯನೊಬ್ಬ ಡಬ್ಬಿ ಒಡೆದ ಮೇಲೆ ಇದು ಗೊತ್ತಾಯಿತು. ದೂರದ ಫ್ಲಾಶನ್ನು ಕ್ಯಾಮೆರಾದಿಂದ ಹೊಡೆಸುವ ವೈರ್‌ಲೆಸ್ ಟ್ರಿಗರ್‌ಗೆ ದುಡ್ಡಿಲ್ಲದಿದ್ದರೆ ಪಾಪ್-ಅಪ್ ಅನ್ನು ಮ್ಯಾನುವಲ್ 1/32ಕ್ಕೆ ಇಳಿಸಿ, ಟಿಟಿ600 ಅನ್ನು ಎಸ್1 ಮೋಡ್‌ನಲ್ಲಿಡಿ, ಅದರ ಬೆಳಕು ನೋಡಿ ಇದೂ ಹೊಡೆಯುತ್ತದೆ. ಕಣ್ಣಲ್ಲಿ ಒಂದು ಚುಕ್ಕೆ ಜಾಸ್ತಿ ಬರುತ್ತದೆ, ಅಷ್ಟೇ. ಸೆಲ್ ಮಾತ್ರ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಹಾಕಿ, ಗಡಿಯಾರದ ಸೆಲ್ ಬೇಡ.

ಫೋಟೋ ನೋಡಿದ ಒಬ್ಬರು ತಮ್ಮ ಮನೆ ಪಂಜರದ ಗಿಳಿಯದ್ದೂ ತೆಗೆದುಕೊಡಿ ಅಂದರು. ನಮ್ಮ ನಾಡಿನ ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಬಡ್ಜಿ ಕಾಕಟೀಲ್ ಥರ ಅಲ್ಲ. ಹಾಗಂತ ಹೇಳಿ ಬಂದೆ, ಚಹಾ ಕುಡಿಯದೆ.

ರಿಂಗ್ ಲೈಟ್ ತಂಗಿಗೆ ವಾಪಸ್. ಟಿಟಿಎಲ್ ಫ್ಲಾಶ್ ಮದುವೆ ಸೀಸನ್‌ಗೆ ಹೋಯಿತು. ಕಾಕಾ ಕಾಕಟೀಲ್ ಫೋಟೋ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾನೆ. ಮುರಿದ ಪುಕ್ಕ ಮತ್ತೆ ಬೆಳೆದ ಕಡೆಯಿಂದ ತೆಗೆದದ್ದು.